ಬೆನ್ನಿಗೆ ಒಂದು ಇಂಚು

ತನ್ನ ಬೆನ್ನು ತನಗೆ ಕಾಣದು ಎಂದು ಎಲ್ಲರೂ ಆಡುತ್ತಾರೆ. ಆ ಮಾತನ್ನು ಬಾಯಲ್ಲಿ ಆಡದೆ, ಆ ಮಾತಿನಿಂದಲೇ ನಲವತ್ತು ವರ್ಷ ಅನ್ನ ಉಂಡವಳು ಒಬ್ಬಳಿದ್ದಳು. ಹೆಸರು ಏನೋ ಇತ್ತು. ಆ ಹೆಸರು ಹಿಡಿದು ಕರೆಯುವವರೆಲ್ಲ ಹೋದ ಮೇಲೆ ಅದೂ ಅವರ ಹಿಂದೆಯೇ ಹೋಯಿತು. ಬೀದಿಗೆಲ್ಲ ಅವಳು ಅಳತೆಯಮ್ಮ.

ಇಳಿಜಾರಿನ ಬೀದಿಯಲ್ಲಿ, ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಅವಳ ಹೊಲಿಗೆ ಅಂಗಡಿ. ಬೀದಿಗೆ ಮುಖ ಮಾಡಿದ ಆಳೆತ್ತರದ ಗಾಜು, ಗಾಜಿನ ಹಿಂದೆ ಒಂದು ಬೆತ್ತದ ಕುರ್ಚಿ, ಆಮೇಲೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಎರಡು ಮಿಷನ್ನು, ಒಂದು ಇಸ್ತ್ರಿ ಹಲಗೆ. ಹಿಂದಿನ ಗೋಡೆಯಲ್ಲಿ ಮನೆಯ ಒಳಕ್ಕೆ ಹೋಗುವ ಬಾಗಿಲು. ಕನ್ನಡಿ ಒಂದೇ ಒಂದು, ಅದೂ ಎದುರಿಗೆ. ಪಕ್ಕದಿಂದ ತೋರಿಸುವ ಕನ್ನಡಿ ಯಾಕಿಲ್ಲ ಎಂದು ಯಾರಾದರೂ ಕೇಳಿದರೆ, "ಪಕ್ಕದಿಂದ ನೋಡೋಕೆ ಪಕ್ಕದ ಮನೆಯವರಿದ್ದಾರಲ್ಲ, ಸಾಲದಾ?" ಅನ್ನುತ್ತಿದ್ದಳು.

ಹೆಂಗಸರ ಕೋಟು ಹೊಲಿಯುವುದರಲ್ಲಿ ಅವಳ ಕೈ ದೊಡ್ಡದು. ಬಾಯಿ ಅದಕ್ಕಿಂತ ದೊಡ್ಡದು. "ಸ್ವಲ್ಪ ದಪ್ಪ ಆಗಿದ್ದೀನಾ?" ಎಂದು ಗಿರಾಕಿ ಕೇಳಿದರೆ, "ಛೇ, ಇಲ್ಲ ತಾಯಿ, ಟೇಪೇ ಗಿಡ್ಡ ಆಗಿದೆ" ಎನ್ನುವವಳು. ಕೇಳಿದವಳು ನಗಬೇಕೋ ಅಳಬೇಕೋ ತಿಳಿಯದೆ ಉಸಿರು ಬಿಗಿ ಹಿಡಿಯುತ್ತಿದ್ದಳು. ಹಿಡಿದಾಗ ಅರ್ಧ ಇಂಚು ಕಡಿಮೆ ಬರುತ್ತಿತ್ತು. ಅಳತೆಯಮ್ಮ ಆ ಅರ್ಧ ಇಂಚನ್ನು ಸದ್ದಿಲ್ಲದೆ ಸೇರಿಸಿ ಬರೆದುಕೊಳ್ಳುತ್ತಿದ್ದಳು.

ಆದರೆ ಒಂದು ವಿಚಿತ್ರ. ಹೊಟ್ಟೆ, ಸೊಂಟ, ತೋಳುಗಳ ಬಗ್ಗೆ ಊರಿಗೆ ಕೇಳುವಂತೆ ಆಡುವವಳು ಬೆನ್ನಿನ ಬಗ್ಗೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಐವತ್ತು ದಾಟಿದ ಹೆಂಗಸಿನ ಬೆನ್ನು ಬಾಗತೊಡಗಿದಾಗ ಅದು ಗಂಡನಿಗೆ ಗೊತ್ತಾಗುವ ಮೊದಲು, ಅವಳಿಗೇ ಗೊತ್ತಾಗುವ ಮೊದಲು, ದರ್ಜಿಗೆ ಗೊತ್ತಾಗುತ್ತದೆ. ಕತ್ತಿನ ಬುಡದಿಂದ ಸೊಂಟದವರೆಗೆ ಹಿಂದಿನ ಅಳತೆ ಹೆಚ್ಚುತ್ತದೆ, ಮುಂದಿನದು ಕುಗ್ಗುತ್ತದೆ, ತಲೆಯಿಂದ ಹಿಮ್ಮಡಿಯವರೆಗಿನ ಎತ್ತರ ಇಳಿಯುತ್ತದೆ. ಅದನ್ನು ಮುಚ್ಚುವ ಹಾಗೆ ಕತ್ತರಿಸುವುದೇ ಅಳತೆಯಮ್ಮನ ವಿದ್ಯೆ. ಕಾಲರನ್ನು ಎಳೆಯಷ್ಟು ಎತ್ತಿ, ಹೆಗಲಿಗೆ ತೆಳು ಪಟ್ಟಿ ಕೊಟ್ಟು, ಅಸ್ತರಿನೊಳಗೆ ಒಂದು ಮಡಿಕೆ ಬಚ್ಚಿಟ್ಟರೆ ಎದುರಿನ ಕನ್ನಡಿಯಲ್ಲಿ ಇಪ್ಪತ್ತೈದರ ಬೆನ್ನು. ಕೈಕೆಳಗಿನವಳಿಗೆ ಅವಳು ಹೇಳಿಕೊಟ್ಟ ಮೊದಲ ಪಾಠವೇ ಅದು: "ಹಿಂದೆ ಒಂದು ಇಂಚು ಕೊಡು, ಮುಂದೆ ಅರ್ಧ ಕದಿ, ಬಾಯಿ ಮುಚ್ಚು."

ಆ ಕೈಕೆಳಗಿನವಳು ಕಾಜಕ್ಕ. ಬಂದ ಹೊಸತರಲ್ಲಿ ಗುಂಡಿ ತೂರಿಸುವ ಕಾಜ ಬಿಟ್ಟು ಬೇರೇನೂ ಹೊಲಿಯಲು ಬಿಡುತ್ತಿರಲಿಲ್ಲವಾದ್ದರಿಂದ ಆ ಹೆಸರು ಅಂಟಿತು. ಇಪ್ಪತ್ತು ವರ್ಷವಾದರೂ, ಈಗ ಅರ್ಧ ಅಂಗಡಿ ಅವಳ ಕೈಯಲ್ಲೇ ನಡೆಯುತ್ತಿದ್ದರೂ, ಅಳತೆಯಮ್ಮನಿಗೆ ಅವಳು "ಏ ಕಾಜ, ತೂತಿಗೆ ಹುಟ್ಟಿದವಳೇ". ಕಾಜಕ್ಕ ನಲವತ್ತೆರಡು ವರ್ಷದ ಗಟ್ಟಿ ಹೆಂಗಸು. ಬೈಗುಳವನ್ನೆಲ್ಲ ಗುಂಡುಸೂಜಿಯ ಹಾಗೆ ತುಟಿಗಳ ನಡುವೆ ಕಚ್ಚಿಟ್ಟುಕೊಂಡು ಕೆಲಸ ಮಾಡುತ್ತಿದ್ದಳು.

ಇನ್ನೊಬ್ಬಳು ತಂಗಿ. ಅಂಚೆ ಕಚೇರಿಯ ಕಿಟಕಿಯ ಹಿಂದೆ ಮೂವತ್ತೈದು ವರ್ಷ ಕೂತು ಮುದ್ರೆ ಒತ್ತಿದವಳು. ಅಳತೆಯಮ್ಮನಿಗಿಂತ ಮೂರು ವರ್ಷ ಚಿಕ್ಕವಳು, ಮೂರು ಇಂಚು ಎತ್ತರದವಳು. ಈ ಎರಡನೆಯದನ್ನು ಅಳತೆಯಮ್ಮ ಯಾವತ್ತೂ ಕ್ಷಮಿಸಲಿಲ್ಲ.

ಒಳಗಿನ ಬಾಗಿಲ ಚೌಕಟ್ಟಿನ ಮೇಲೆ ಇಬ್ಬರದೂ ಗೆರೆಯಿತ್ತು. ತಂಗಿಗೆ ಹದಿನೆಂಟು ತುಂಬಿದ ದಿನ ಅಪ್ಪ ಇಬ್ಬರನ್ನೂ ನಿಲ್ಲಿಸಿ, ತಲೆಯ ಮೇಲೆ ಪುಸ್ತಕವಿಟ್ಟು, ಚಾಕುವಿನಿಂದ ಕೊರೆದದ್ದು. ಅಕ್ಕನ ಗೆರೆ ಅರವತ್ತಮೂರು ಇಂಚು. ತಂಗಿಯದು ಅರವತ್ತಾರು. ನಡುವೆ ನಾಲ್ಕು ಬೆರಳು ಜಾಗ. ಅವತ್ತಿನಿಂದ ತಂಗಿ ಕಂಬ, ಅಕ್ಕ ಗೂಟ. ಮನೆಗೆ ಯಾರೇ ಬರಲಿ, ತಂಗಿ ಅಕ್ಕನ ಪಕ್ಕ ಬಂದು ನಿಂತು ಅವಳ ತಲೆಯ ಮೇಲೆ ಮೊಣಕೈ ಊರಿ, "ಒರಗೋಕೆ ಒಳ್ಳೇ ಗೂಟ" ಎನ್ನುತ್ತಿದ್ದಳು. ಬಂದವರು ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು. ತಂಗಿಗೆ ಅದು ಮರುದಿನಕ್ಕೆ ಮರೆತುಹೋಗುತ್ತಿತ್ತು.

ಅವರ ಅಮ್ಮ ಕೊನೆಕೊನೆಗೆ ಕುಡುಗೋಲಿನ ಹಾಗೆ ಬಾಗಿಹೋದಳು. ಮುಖ ನೆಲಕ್ಕೆ, ಬೆನ್ನು ಆಕಾಶಕ್ಕೆ. ಬಂದವರನ್ನು ಮುಖ ನೋಡಿ ಅಲ್ಲ, ಚಪ್ಪಲಿ ನೋಡಿ ಗುರುತು ಹಿಡಿಯುತ್ತಿದ್ದಳು. "ಯಾರಪ್ಪಾ ಇದು, ಹೊಸ ಚಪ್ಪಲಿ?" ಎಂದು ಮಗಳನ್ನೇ ಕೇಳಿದಳು ಒಂದು ದಿನ. ಅಮ್ಮನನ್ನು ಕಳಿಸಿಕೊಟ್ಟು ಬಂದ ವಾರವೇ ತಂಗಿ ಅಂಗಡಿಗೆ ಬಂದು ಅಕ್ಕನ ಎರಡೂ ಕೈ ಹಿಡಿದುಕೊಂಡಳು.

"ಅಕ್ಕಾ, ನಂಗೆ ಸಾಯೋಕೆ ಭಯ ಇಲ್ಲ. ಹಾಗೆ ಬಾಗೋಕೆ ಭಯ. ನನ್ನ ಬೆನ್ನು ನಂಗೆ ಕಾಣಲ್ಲ, ನಿನ್ನ ಟೇಪಿಗೆ ಕಾಣುತ್ತೆ. ವರ್ಷಕ್ಕೊಂದು ಸಲ ಅಳಿ. ಒಂದೇ ಒಂದು ಎಳೆ ಇಳಿದ್ರೂ ಅವತ್ತೇ ಹೇಳ್ಬೇಕು. ಮಾತು ಕೊಡು."

"ಕೊಟ್ಟೆ ಕಣೇ. ಅದಕ್ಯಾಕೆ ಕೈ ಹಿಂಡ್ತೀಯ, ನಾಳೆ ಕತ್ತರಿ ಹಿಡೀಬೇಕು" ಎಂದಳು ಅಕ್ಕ. ಆಗ ಅಕ್ಕನಿಗೆ ಐವತ್ತೆರಡು, ತಂಗಿಗೆ ನಲವತ್ತೊಂಬತ್ತು.

ಅಲ್ಲಿಂದ ಪ್ರತಿ ವರ್ಷ ಚಳಿ ಶುರುವಾಗುವ ಮುನ್ನ ತಂಗಿ ಬಂದು ಹೊಸ ಕೋಟಿಗೆ ಅಳತೆ ಕೊಡುತ್ತಿದ್ದಳು. ಅಳತೆಯಮ್ಮನಲ್ಲಿ ಗಿರಾಕಿಗೊಂದರಂತೆ ರಟ್ಟಿನ ಕಾರ್ಡು. ಒಮ್ಮೆ ಬರೆದ ಅಳತೆಯನ್ನು ಅವಳು ತಿದ್ದಿದವಳಲ್ಲ, ಒಂದು ಕಾರ್ಡನ್ನೂ ಹರಿದವಳಲ್ಲ. ಮೊದಲ ಎರಡು ವರ್ಷ ಅರವತ್ತಾರು. ಮೂರನೇ ವರ್ಷ ಟೇಪು ಅರವತ್ತೈದೂವರೆ ಎಂದಿತು. ಅಳತೆಯಮ್ಮ ಎರಡು ಸಲ ಹಿಡಿದಳು. ಅರವತ್ತೈದೂವರೆಯೇ.

"ಅಕ್ಕಾ, ಅಮ್ಮನ ಹಾಗೆ ಆಗ್ತಿದ್ದೀನಾ?" ತಂಗಿ ಉಸಿರು ಬಿಡದೆ ಕೇಳಿದಳು.

ಹೇಳಬೇಕೆಂದೇ ಅಳತೆಯಮ್ಮ ಬಾಯಿ ತೆರೆದದ್ದು. ಅಷ್ಟರಲ್ಲಿ ನಾಲಗೆಯ ತುದಿಗೆ ಎಲ್ಲಿಂದಲೋ ಒಂದು ಸಿಹಿ ಬಂತು, ಕದ್ದು ತಿಂದ ಬೆಲ್ಲದ ಹಾಗೆ.

"ಒಂದು ಎಳೆನೂ ಇಳಿದಿಲ್ಲ. ಕಂಬದ ಹಾಗಿದ್ದೀಯ" ಎಂದಳು. ಕಾರ್ಡಿನಲ್ಲಿ ಮಾತ್ರ ಅರವತ್ತೈದೂವರೆ ಎಂದೇ ಬರೆದಳು. ಕಸುಬಿಗೆ ದ್ರೋಹ ಮಾಡುವವಳಲ್ಲ.

ಕಾಜಕ್ಕ ಮಿಷನ್ನಿನಿಂದ ತಲೆಯೆತ್ತಿ ನೋಡಿದಳು. ಮತ್ತೆ ತಲೆ ತಗ್ಗಿಸಿದಳು. ಪಾಠ ಕಲಿತವಳಲ್ಲವೇ.

ಇದಾದ ಎರಡು ವರ್ಷಕ್ಕೆ ಅಳತೆಯಮ್ಮ ತನ್ನ ಹುಟ್ಟುಹಬ್ಬದ ದಿನ, ಯಾರೂ ಇಲ್ಲದ ಹೊತ್ತು ನೋಡಿ, ಚೌಕಟ್ಟಿಗೆ ಬೆನ್ನು ಕೊಟ್ಟು ತಲೆಯ ಮೇಲೆ ಅಂಗೈ ಇಟ್ಟುಕೊಂಡು ತಿರುಗಿ ನೋಡಿದಳು. ಅಂಗೈ ಅಪ್ಪ ಕೊರೆದ ಗೆರೆಗಿಂತ ಒಂದು ಇಂಚು ಕೆಳಗಿತ್ತು. ಆ ದಿನ ಅವಳು ಯಾರಿಗೂ ಬೈಯಲಿಲ್ಲ. ಯಜಮಾನಿಗೆ ಜ್ವರ ಬಂದಿದೆಯೇನೋ ಎಂದು ಕಾಜಕ್ಕನಿಗೆ ಅನ್ನಿಸಿತು.

ಬೀದಿಯ ಮೇಲ್ತುದಿಯಲ್ಲಿ ಆಸ್ಪತ್ರೆ. ಅಲ್ಲಿನ ಡಾಕ್ಟ್ರಮ್ಮ ಅಳತೆಯಮ್ಮನ ಗಿರಾಕಿ. ಮರುವಾರ ಅವರಿಗೆ ಕೋಟಿನ ತೋಳು ಕೂರಿಸುತ್ತ, ಬಾಯಿ ತುಂಬ ಗುಂಡುಸೂಜಿ ಇಟ್ಟುಕೊಂಡು, ಯಾವುದೋ ಬೇರೆಯವರ ಮನೆಯ ಸುದ್ದಿ ಎಂಬಂತೆ ಕೇಳಿದಳು.

"ನಮ್ಮ ಗಿರಾಕಿ ಒಬ್ಬಳಿದ್ದಾಳೆ ಡಾಕ್ಟ್ರೇ. ಪಾಪ, ಗಿಡ್ಡ ಆಗ್ತಿದ್ದಾಳೆ. ಇದಕ್ಕೆ ಮನೇಲೇ ಮಾಡ್ಕೊಳ್ಳೋ ಅಂಥದ್ದು ಏನಾದ್ರೂ ಇದೆಯಾ?"

"ವಯಸ್ಸು?"

"ಐವತ್ತಾರು."

"ಅವರ ತಾಯಿಗೂ ಹಾಗೇ ಇತ್ತಾ?"

ಅಳತೆಯಮ್ಮ ತೋಳಿಗೆ ಇನ್ನೊಂದು ಸೂಜಿ ಚುಚ್ಚಿದಳು. "ಇತ್ತಂತೆ."

"ಹಾಗಾದ್ರೆ ಮೊದಲು ಪರೀಕ್ಷೆ ಮಾಡಿಸ್ಲಿ. ಮುಟ್ಟು ನಿಂತ ಮೇಲೆ ಎಲುಬು ಒಳಗೊಳಗೇ ಟೊಳ್ಳಾಗುತ್ತೆ, ನೋವೂ ಇರಲ್ಲ, ಸದ್ದೂ ಇರಲ್ಲ. ಹಾಲು, ಮೊಸರು, ಎಳ್ಳು, ಸೊಪ್ಪು, ಬೇಳೆಕಾಳು ಚೆನ್ನಾಗಿ ತಿನ್ಲಿ. ದಿನಾ ಬಿಸಿಲಿಗೆ ಬರ್ಲಿ. ಬೇಗಬೇಗ ನಡೀಲಿ, ಮೆಟ್ಟಿಲು ಹತ್ತಲಿ, ಕೈಲಾದಷ್ಟು ಭಾರ ಎತ್ತಲಿ. ಎಲುಬು ಅನ್ನೋದು ಆಳಿನ ಹಾಗೆ, ಕೆಲಸ ಕೊಡದಿದ್ರೆ ಹೇಳದೆ ಕೇಳದೆ ಬಿಟ್ಟು ಹೋಗುತ್ತೆ. ಬೇಗ ಗೊತ್ತಾದ್ರೆ ಇಳಿಯೋದನ್ನ ನಿಧಾನ ಮಾಡಬಹುದು. ಇಳಿದದ್ದನ್ನ ಮಾತ್ರ ಮತ್ತೆ ಏರಿಸೋಕಾಗಲ್ಲ. ಕೆಲವರಿಗೆ ಮಾತ್ರೆನೂ ಬೇಕಾಗುತ್ತೆ. ಕಳಿಸಿ ಅವರನ್ನ."

"ಕಳಿಸ್ತೀನಿ, ಕಳಿಸ್ತೀನಿ" ಎಂದಳು ಅಳತೆಯಮ್ಮ.

ಯಾರನ್ನೂ ಕಳಿಸಲಿಲ್ಲ. ಕೇಳಿದ್ದನ್ನೆಲ್ಲ ಗುಟ್ಟಿನ ಮದ್ದಿನಂತೆ ಬಚ್ಚಿಟ್ಟುಕೊಂಡಳು. ಆ ವಾರವೇ ತಂಗಿ ಬಂದು ಇದೇ ಮೇಜಿನ ಮುಂದೆ ಕೂತು ಸೊಂಟ ಹಿಡಿಯುತ್ತಿದೆ ಎಂದಳು. ಅಕ್ಕ, "ಕೂತು ಕೂತು ಹಿಡಿದಿರುತ್ತೆ, ಬಿಸಿನೀರು ಹಾಕ್ಕೋ" ಎಂದಳು.

ತಾನು ಮಾತ್ರ ಶುರು ಮಾಡಿದಳು. ಅದೂ ತನಗೆ ಬೇಕಾದಷ್ಟನ್ನು ಕತ್ತರಿಸಿಕೊಂಡು. ಬೆಳಿಗ್ಗೆ ಎರಡು ಚಮಚ ಎಳ್ಳು, ಒಂದು ಲೋಟ ಹಾಲು. ನಡೆಯುವುದೆಂದರೆ ಬೀದಿಯವರ ಕಣ್ಣಿಗೆ ಬೀಳಬೇಕು, ಬೇಡ. ಭಾರ ಎತ್ತಲು ಬಟ್ಟೆಯ ಸುರುಳಿಗಳಿದ್ದವು. ಅದಕ್ಕೆ ಕಾಜಕ್ಕ ಇದ್ದಳು. ಬಿಸಿಲಿಗೆ ಆ ಆಳೆತ್ತರದ ಗಾಜು. ಹತ್ತರಿಂದ ಹನ್ನೊಂದರವರೆಗೆ ಸೂರ್ಯ ನೇರ ಬೆತ್ತದ ಕುರ್ಚಿಯ ಮೇಲೆ ಬೀಳುತ್ತಿದ್ದ. ಅಳತೆಯಮ್ಮ ಕಾಜದ ಕೆಲಸ ಹಿಡಿದು ಅಲ್ಲಿ ಕೂತು ಹೋಗುವ ಬರುವ ಬೆನ್ನುಗಳನ್ನು ಎಣಿಸುತ್ತಿದ್ದಳು.

ಅದೇ ವರ್ಷ ಚರಂಡಿಯ ನೀರು ಹಿಂದೆ ನುಗ್ಗಿ ನೆಲ ತೇವ ಹಿಡಿಯಿತು. ಹಳೆಯ ನೆಲ ಅಗೆದರೆ ತಿಂಗಳು ಬೇಕೆಂದು ಅದರ ಮೇಲೆಯೇ ಗಾರೆ ಹಾಕಿ ಟೈಲ್ಸು ಕೂರಿಸಿದರು. ಒಳಗಿನ ಬಾಗಿಲು ಮುಚ್ಚದಾಯಿತು. ಬಡಗಿ ಹೊಸ ಬಾಗಿಲು ಮಾಡಿಸಿ ಎಂದ. "ಉದ್ದ ಆದ್ರೆ ಕತ್ತರಿಸಪ್ಪಾ, ನಮ್ಮಂಗಡೀಲಿ ಎಲ್ಲರೂ ಮಾಡೋದು ಅದನ್ನೇ" ಎಂದು ಅಳತೆಯಮ್ಮನೇ ನಿಂತು ಬಾಗಿಲಿನ ಬುಡ ಕೊಯ್ಯಿಸಿದಳು. ಕೊಯ್ದ ಮರದ ಪಟ್ಟಿ ತೂಕವಾಗಿ, ನೇರವಾಗಿ, ಚೆನ್ನಾಗಿತ್ತು. ಕಾಜಕ್ಕ ಅದನ್ನು ಉಜ್ಜಿ ನುಣುಪು ಮಾಡಿದಳು. ಮೇಜಿನ ಮೇಲೆ ಬಟ್ಟೆ ಜಾರದಂತೆ ಇಡಲು ದಿನವೂ ಅದೇ ಪಟ್ಟಿ.

ಮುಂದಿನ ಹುಟ್ಟುಹಬ್ಬಕ್ಕೆ ಅಳತೆಯಮ್ಮ ಮತ್ತೆ ಚೌಕಟ್ಟಿಗೆ ಒರಗಿದಳು. ಅಂಗೈ ಇಟ್ಟು ತಿರುಗಿದಳು. ಅಂಗೈ ಸರಿಯಾಗಿ ಗೆರೆಯ ಮೇಲೆ! ಇನ್ನೊಮ್ಮೆ ನಿಂತಳು. ಗೆರೆಯ ಮೇಲೆಯೇ. ಇಳಿದದ್ದು ಏರುವುದಿಲ್ಲ ಎಂದ ಡಾಕ್ಟ್ರಮ್ಮನಿಗೆ ಏನು ಗೊತ್ತು? "ಓದಿದವರ ಬುದ್ಧಿ ಓದಿದಷ್ಟೇ" ಎಂದು ಒಬ್ಬಳೇ ನಕ್ಕಳು. ಎಳ್ಳಿನ ಡಬ್ಬಕ್ಕೆ ಕೈ ಮುಗಿಯುವುದೊಂದು ಬಾಕಿ. ಊರಿನ ಹೆಂಗಸರನ್ನೆಲ್ಲ ಇಂಚು ಬಿಡದೆ ಅಳೆದವಳಿಗೆ, ಆ ಗೆರೆಗೆ ಒಮ್ಮೆ ಟೇಪು ಹಿಡಿದು ನೋಡೋಣ ಎನ್ನಿಸಲಿಲ್ಲ. ಅಪ್ಪ ಕೊರೆದ ಗೆರೆ. ಅದು ಎಲ್ಲಿಗೆ ಹೋದೀತು? ಆಮೇಲೆ ಅವಳು ಚೌಕಟ್ಟಿನ ಹತ್ತಿರ ಹೋಗಲಿಲ್ಲ. ಗೆದ್ದ ಓಟವನ್ನು ಯಾರು ಎರಡನೇ ಸಲ ಓಡುತ್ತಾರೆ?

ತಂಗಿಯ ಕಾರ್ಡು ಇಳಿಯುತ್ತಲೇ ಇತ್ತು. ಅರವತ್ತೈದು. ಅರವತ್ತನಾಲ್ಕೂವರೆ. ಅರವತ್ತನಾಲ್ಕು. ಪ್ರತಿ ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಪ್ರತಿ ವರ್ಷ ಕೋಟಿನ ಬೆನ್ನಿಗೆ ಇನ್ನಷ್ಟು ಮಡಿಕೆ, ಕಾಲರಿಗೆ ಇನ್ನಷ್ಟು ಎತ್ತರ. ಇಷ್ಟು ಚೆನ್ನಾಗಿ ಅಳತೆಯಮ್ಮ ಯಾರಿಗೂ ಹೊಲಿದಿರಲಿಲ್ಲ. ತಂಗಿ ಎದುರಿನ ಕನ್ನಡಿಯಲ್ಲಿ ನೋಡಿಕೊಂಡು, "ನಿನ್ನ ಕೈಗೆ ಚಿನ್ನದ ಬಳೆ ಹಾಕ್ಬೇಕು ಅಕ್ಕಾ" ಎನ್ನುತ್ತಿದ್ದಳು.

"ಹಾಕು ಮಾರಾಯ್ತಿ, ಮೊದಲು ನಿನ್ನ ಕೈ ಇಲ್ಲೀವರೆಗೆ ಇಳೀಲಿ" ಎಂದು ಅಕ್ಕ ನಗುತ್ತಿದ್ದಳು.

ಹನ್ನೊಂದನೇ ವರ್ಷ ಟೇಪು ಅರವತ್ತಮೂರಕ್ಕೆ ಬಂತು. ಕಂಬ ಗೂಟಕ್ಕೆ ಸಮ. ಅಳತೆಯಮ್ಮ ಆ ಅಂಕಿಯನ್ನು ಬರೆಯುವಾಗ ಪೆನ್ಸಿಲು ಚೂಪು ಮಾಡಿಕೊಂಡು ಬರೆದಳು.

ಆ ಕೋಟಿಗೆ ಗುಂಡಿ ಹೊಲಿಯುವುದರೊಳಗೆ ಸುದ್ದಿ ಬಂತು. ಅಂಚೆ ಕಚೇರಿಯಲ್ಲಿ, ನಿವೃತ್ತಿಗೆ ಎರಡು ತಿಂಗಳಿರುವಾಗ, ತಂಗಿ ಬಗ್ಗಿ ಒಂದು ಪಾರ್ಸಲು ಎತ್ತಿದ್ದಳು. ದೊಡ್ಡದಲ್ಲ, ಅಕ್ಕಿಯ ಚೀಲದಷ್ಟೂ ಅಲ್ಲ. ಬೆನ್ನಿನಲ್ಲಿ ಒಣ ಕಡ್ಡಿ ಮುರಿದ ಸದ್ದು ಅವಳಿಗೇ ಕೇಳಿಸಿತಂತೆ. ನೆಲಕ್ಕೆ ಬಿದ್ದವಳಿಗೆ ಏಳಲಾಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟ್ರಮ್ಮ ಎಕ್ಸರೇ ಹಾಳೆಯನ್ನು ಬೆಳಕಿಗೆ ಹಿಡಿದರು. ಅಳತೆಯಮ್ಮ ಮಂಚದ ಪಕ್ಕ ನಿಂತಿದ್ದಳು.

"ಇದೊಂದೇ ಅಲ್ಲ. ಇಲ್ಲಿ, ಇಲ್ಲಿ, ಇಲ್ಲಿ, ಹಳೇ ಕುಸಿತಗಳು. ವರ್ಷಗಟ್ಟಲೆ ಇಳೀತಾ ಬಂದಿದ್ದೀರಿ. ಯಾರೂ ನಿಮ್ಮ ಎತ್ತರ ನೋಡ್ತಿರಲಿಲ್ವಾ?"

"ನಮ್ಮಕ್ಕ ನೋಡ್ತಿದ್ದಳಲ್ಲ" ಎಂದಳು ತಂಗಿ, ಮಲಗಿದಲ್ಲಿಂದಲೇ. "ಪ್ರತಿ ವರ್ಷ ಅಳೀತಾಳೆ. ಒಂದು ಎಳೆನೂ ಇಳಿದಿಲ್ಲ. ಅಲ್ವಾ ಅಕ್ಕಾ?"

ಡಾಕ್ಟ್ರಮ್ಮ ಅಳತೆಯಮ್ಮನ ಕಡೆ ತಿರುಗಿದರು. ಕಣ್ಣು ಕಿರಿದು ಮಾಡಿ ನೆನಪು ಮಾಡಿಕೊಂಡರು. "ಓ! ಎಷ್ಟೋ ವರ್ಷದ ಹಿಂದೆ ಕೇಳಿದ್ರಲ್ಲ, ಗಿರಾಕಿ ಒಬ್ಬರು ಗಿಡ್ಡ ಆಗ್ತಿದ್ದಾರೆ, ತಾಯಿಗೂ ಹಾಗೇ ಇತ್ತು ಅಂತ. ಇವರೇನಾ ಅದು? ಎಲ್ಲಾ ಹೇಳಿ ಕಳಿಸಿದ್ದೆ. ಯಾಕೆ ಕರ್ಕೊಂಡು ಬರಲಿಲ್ಲ?"

ತಂಗಿ ತಲೆಯನ್ನು ದಿಂಬಿನ ಮೇಲೆ ನಿಧಾನವಾಗಿ ಹೊರಳಿಸಿ ಅಕ್ಕನನ್ನು ನೋಡಿದಳು. ಅಳತೆಯಮ್ಮ ಹೊದಿಕೆಯ ಅಂಚು ಹಿಡಿದು ನೆರಿಗೆ ಸರಿಮಾಡತೊಡಗಿದಳು.

ಮೂರು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ ಹತ್ತು ಗಂಟೆಗೆ, ಕೋಲು ಊರಿಕೊಂಡು ತಂಗಿ ಅಂಗಡಿಗೆ ಬಂದಳು. ಮೈಮೇಲೆ ಅಕ್ಕನ ಕೋಟು ಇರಲಿಲ್ಲ. ಎಲ್ಲಿಂದಲೋ ಕೊಂಡ ರೆಡಿಮೇಡು ಅಂಗಿ. ಬೆನ್ನಿನ ಡುಬ್ಬ ಅದರಲ್ಲಿ ಎದ್ದು ಕಾಣುತ್ತಿತ್ತು. ಅಳತೆಯಮ್ಮ ಗಾಜಿನ ಹಿಂದಿನ ಬಿಸಿಲಿನಲ್ಲಿ ಕೂತಿದ್ದಳು.

"ಕಾಜಕ್ಕ, ನನ್ನ ಕಾರ್ಡು ತೆಗಿ" ಎಂದಳು ತಂಗಿ.

"ಏನೇ ಅದು ಮೈಮೇಲೆ, ಗೋಣಿಚೀಲ?" ಎಂದಳು ಅಕ್ಕ.

"ನಿಜ ಹೇಳೋ ಅಂಗಿ. ಕಾರ್ಡು ತೆಗಿ ಕಾಜಕ್ಕ."

ಕಾಜಕ್ಕ ಯಜಮಾನಿಯ ಮುಖ ನೋಡಲಿಲ್ಲ. ಡಬ್ಬ ತೆರೆದು ಕಾರ್ಡು ತೆಗೆದುಕೊಟ್ಟಳು. ತಂಗಿ ಪತ್ರಗಳ ವಿಳಾಸ ಓದುವ ದನಿಯಲ್ಲಿ, ಒಂದೊಂದಾಗಿ ಓದಿದಳು. "ಅರವತ್ತಾರು. ಅರವತ್ತಾರು. ಅರವತ್ತೈದೂವರೆ. ಅರವತ್ತೈದೂವರೆ. ಅರವತ್ತೈದು. ಅರವತ್ತೈದು. ಅರವತ್ತನಾಲ್ಕೂವರೆ. ಅರವತ್ತನಾಲ್ಕು. ಅರವತ್ತನಾಲ್ಕು. ಅರವತ್ತಮೂರೂವರೆ. ಅರವತ್ತಮೂರು." ಕಾರ್ಡು ಕೆಳಗಿಟ್ಟಳು. "ಎಷ್ಟು ಚೆನ್ನಾಗಿ ಬರೆದಿದ್ದೀಯ. ಕೊನೇದಂತೂ ಮುತ್ತು. ಯಾಕಕ್ಕಾ?"

"ಹೇಳಿದ್ರೆ ಏನು ಮಾಡ್ತಿದ್ದೆ? ಅಳ್ತಿದ್ದೆ."

"ನಡೀತಿದ್ದೆ. ಹಾಲು ಕುಡೀತಿದ್ದೆ. ಡಾಕ್ಟ್ರ ಹತ್ರ ಹೋಗ್ತಿದ್ದೆ. ಆ ಪಾರ್ಸಲ್ಲು ಎತ್ತುತ್ತಿರಲಿಲ್ಲ. ಯಾಕೆ?"

ಅಳತೆಯಮ್ಮ ಕುರ್ಚಿಯಿಂದ ಎದ್ದಳು. ನಲವತ್ತೆರಡು ವರ್ಷ ನುಂಗಿಟ್ಟದ್ದು ಒಮ್ಮೆಲೇ ಹೊರಬಂತು. "ಊರು ಈಗ ಮೊಣಕೈ! ಬಾ, ಊರು ನನ್ನ ತಲೆ ಮೇಲೆ! ಒರಗೋಕೆ ಒಳ್ಳೇ ಗೂಟ ಅಂತಿದ್ಯಲ್ಲ, ಬಂದವರ ಮುಂದೆಲ್ಲಾ! ಈಗ ಇಬ್ಬರೂ ಅರವತ್ತಮೂರು. ನಂದು ಇಳಿದಿಲ್ಲ. ನಾನು ಕಾಪಾಡ್ಕೊಂಡೆ. ಬಾ, ಬಾಗಿಲ ಹತ್ರ ನಿಲ್ಲು, ಗೊತ್ತಾಗುತ್ತೆ."

ತಂಗಿ ಕೋಲನ್ನು ಇನ್ನೊಂದು ಕೈಗೆ ಬದಲಿಸಿದಳು. "ಮೊಣಕೈಯಾ? ಅದು ತಮಾಷೆ ಅಲ್ವೇನೇ?"

"ನಿಂಗೆ."

ತಂಗಿ ಕೋಲು ಊರಿಕೊಂಡು ಹೋಗಿ ಚೌಕಟ್ಟಿಗೆ ಬೆನ್ನು ಕೊಟ್ಟಳು. ಕಾಜಕ್ಕ ಅವಳ ತಲೆಯ ಮೇಲೆ ಸ್ಕೇಲು ಇಟ್ಟಳು. ಮೂವರೂ ನೋಡಿದರು. ಸ್ಕೇಲು ಅಕ್ಕನ ಗೆರೆಗೆ ಸಮವಾಗಿರಲಿಲ್ಲ. ಅದಕ್ಕಿಂತ ಎರಡು ಬೆರಳು ಮೇಲಿತ್ತು.

"ಸರಿಯಾಗಿ ಹಿಡಿಯೇ, ತೂತಿಗೆ ಹುಟ್ಟಿದವಳೇ!" ಎಂದಳು ಅಳತೆಯಮ್ಮ. "ಅವಳು ಅರವತ್ತಮೂರು. ನನ್ನ ಕೈಯಾರೆ ಅಳೆದಿದ್ದೀನಿ. ಗೆರೆನೂ ಅರವತ್ತಮೂರು."

ಕಾಜಕ್ಕ ಇಪ್ಪತ್ತು ವರ್ಷದಿಂದ ಕಚ್ಚಿಟ್ಟುಕೊಂಡಿದ್ದ ಸೂಜಿಯನ್ನು ಆಗ ತೆಗೆದಳು. ಕೊರಳಿನ ಟೇಪನ್ನು ಬಿಚ್ಚಿ, ತುದಿಯನ್ನು ಕಾಲಿನಿಂದ ನೆಲಕ್ಕೆ ಒತ್ತಿ, ಗೆರೆಯವರೆಗೆ ಎಳೆದಳು. "ನೀವೇ ಓದಿ ಅಮ್ಮ."

ಅರವತ್ತೊಂದೂವರೆ.

"ಗೆರೆ ಎಲ್ಲಿಗೂ ಹೋಗಿಲ್ಲ. ನೆಲ ಬಂದಿದೆ ಮೇಲೆ" ಎಂದಳು ಕಾಜಕ್ಕ. ಮೇಜಿನ ಮೇಲಿನ ಮರದ ಪಟ್ಟಿ ತಂದು ಬಾಗಿಲಿನ ಬುಡಕ್ಕೆ ಹಿಡಿದು ತೋರಿಸಿದಳು. "ನೀವೇ ನಿಂತು ಕೊಯ್ಯಿಸಿದ್ದು. ಒಂದೂವರೆ ಇಂಚು. ದಿನಾ ನಿಮ್ಮ ಕೈಯಲ್ಲೇ ಇರುತ್ತೆ."

ಅಳತೆಯಮ್ಮ ಹೋಗಿ ಚೌಕಟ್ಟಿಗೆ ಒರಗಿದಳು. ಸ್ಕೇಲು ಈಗ ಗೆರೆಯನ್ನೂ ಮುಟ್ಟಲಿಲ್ಲ; ಅರ್ಧ ಇಂಚು ಕೆಳಗೆ ನಿಂತಿತು.

"ಅರವತ್ತೊಂದು" ಎಂದಳು ಕಾಜಕ್ಕ.

"ಸುಳ್ಳು. ನನ್ನ ಬೆನ್ನು ನೆಟ್ಟಗಿದೆ. ಕನ್ನಡೀಲಿ ನೋಡ್ತೀನಲ್ಲ ದಿನಾ."

"ನಿಮ್ಮ ಕೋಟು ಹೊಲಿಯೋಳು ಯಾರಮ್ಮ?"

ಅಳತೆಯಮ್ಮ ಅವಳನ್ನೇ ನೋಡಿದಳು. ದರ್ಜಿ ತನ್ನ ಮೈಗೆ ತಾನು ಅಳತೆ ಹಿಡಿಯಲಾರಳು. ಅವಳ ಬಟ್ಟೆಯನ್ನೆಲ್ಲ ಹೊಲಿಯುವವಳು ಕಾಜಕ್ಕ. ಡಬ್ಬದ ಕಟ್ಟಕಡೆಯಲ್ಲಿ ಅಳತೆಯಮ್ಮನದೂ ಒಂದು ಕಾರ್ಡು ಇತ್ತು, ಕಾಜಕ್ಕನ ಅಕ್ಷರದಲ್ಲಿ, ಇಳಿಯುತ್ತ ಇಳಿಯುತ್ತ.

"ಹಿಂದೆ ಒಂದು ಇಂಚು ಕೊಡು, ಮುಂದೆ ಅರ್ಧ ಕದಿ" ಎಂದಳು ಕಾಜಕ್ಕ. ಮೂರನೆಯ ಮಾತನ್ನು ಹೇಳಲಿಲ್ಲ. ಅದನ್ನು ಇಷ್ಟು ವರ್ಷ ಮಾಡಿಯೇ ತೋರಿಸಿದ್ದಳು.

ಆಮೇಲಿನದು ಸಣ್ಣ ಕತೆ. ತಂಗಿ ಡಾಕ್ಟ್ರಮ್ಮ ಬರೆದುಕೊಟ್ಟ ಔಷಧಿ ತಪ್ಪಿಸಲಿಲ್ಲ. ಜೊತೆಗೆ ದಿನವೂ ಬೆಳಿಗ್ಗೆ ಅಂಗಿಯ ತೋಳನ್ನು ಮೇಲಕ್ಕೆ ಮಡಿಸಿಕೊಂಡು ಇಳಿಜಾರನ್ನು ಹತ್ತಿ ಇಳಿಯುವಳು; ಮೊದಲು ಕೋಲು ಹಿಡಿದು, ಆಮೇಲೆ ಕೋಲು ಬಿಟ್ಟು, ಆಮೇಲೆ ಎರಡು ಕೈಯಲ್ಲೂ ಒಂದೊಂದು ನೀರಿನ ಬಾಟಲಿ ಹಿಡಿದು. ಗೋಡೆಗೆ ಬೆನ್ನೊತ್ತಿ ನಿಲ್ಲುವುದು, ಹಿಮ್ಮಡಿಯೆತ್ತಿ ಇಳಿಸುವುದು, ಬಗ್ಗದೆ ಕೂತು ಎತ್ತುವುದು, ಎಲ್ಲ ಕಲಿತಳು. ಡುಬ್ಬ ಹೋಗಲಿಲ್ಲ, ಹೋಗುವಂಥದ್ದಲ್ಲ ಅದು. ಆದರೆ ವರ್ಷದ ಮೇಲೆ ಕಾಜಕ್ಕ ಅಳೆದಾಗ ಅರವತ್ತಮೂರು ಅರವತ್ತಮೂರಾಗಿಯೇ ನಿಂತಿತ್ತು.

"ಬಿಸಿಲು ಬರಿ ತೋಳಿನ ಮೇಲೆ ಬೀಳ್ಬೇಕು, ಬಯಲಲ್ಲಿ" ಎಂದು ಡಾಕ್ಟ್ರಮ್ಮ ಅವಳಿಗೆ ಹೇಳಿದ್ದರು. "ಗಾಜಿನ ಹಿಂದೆ ಕೂತ್ರೆ ಬೆಚ್ಚಗಾಗುತ್ತೆ ಅಷ್ಟೆ, ಎಲುಬಿಗೆ ಏನೂ ಸಿಗಲ್ಲ. ಬೇಕಾದ್ದನ್ನ ಗಾಜು ತಡೆದುಬಿಡುತ್ತೆ."

ಅಳತೆಯಮ್ಮ ಹೊರಗೆ ಬರಲಿಲ್ಲ. ಬೆನ್ನು ಬಾಗಿದ ದರ್ಜಿಯನ್ನು ಬೀದಿ ನೋಡಿದರೆ ಬೆನ್ನು ಮುಚ್ಚಿಸಿಕೊಳ್ಳಲು ಯಾರು ಬಂದಾರು? ಡಾಕ್ಟ್ರಮ್ಮನಿಗೆ ಮುಖ ತೋರಿಸುವ ಹಾಗೂ ಇರಲಿಲ್ಲ. ಎಳ್ಳು ಎರಡು ಚಮಚ ಇದ್ದದ್ದು ನಾಲ್ಕಾಯಿತು. ಗಾಜಿನ ಹಿಂದಿನ ಒಂದು ಗಂಟೆ ಮೂರು ಗಂಟೆಯಾಯಿತು. ತಂಗಿ ಬಾಟಲಿ ಹಿಡಿದು ಮುಂದಿನಿಂದ ಹಾದುಹೋಗುವಾಗ ಒಳಗಿನಿಂದ ಕೈಯೆತ್ತುವಳು. ತಂಗಿಯೂ ಬಾಟಲಿ ಹಿಡಿದ ಕೈಯನ್ನೇ ಎತ್ತುವಳು.

ಚಳಿ ಶುರುವಾಗುವ ಮುನ್ನ ಒಂದು ದಿನ ಅಳತೆಯಮ್ಮ ಗಾಜು ತಟ್ಟಿ ಅವಳನ್ನು ಒಳಗೆ ಕರೆದಳು. ಕಾಜಕ್ಕನ ಕೊರಳಿನಿಂದ ಟೇಪು ತೆಗೆದು ತಂಗಿಯ ಕೈಗೆ ಕೊಟ್ಟಳು.

"ನೀನೇ ಅಳಿ. ಅವಳನ್ನ ನಾನು ನಂಬಲ್ಲ."

ತಂಗಿ ಬಾಟಲಿಗಳನ್ನು ಮೇಜಿನ ಮೇಲಿಟ್ಟಳು. ಅಕ್ಕನನ್ನು ಗೋಡೆಗೆ ನಿಲ್ಲಿಸಿ, ಟೇಪನ್ನು ನೆಲದಿಂದ ಮೇಲಕ್ಕೆ ಎಳೆದಳು. ಎರಡು ಸಲ ಹಿಡಿದಳು. ಅರವತ್ತೂವರೆ. ಮತ್ತೂ ಅರವತ್ತೂವರೆಯೇ.

"ಇಳಿದಿದ್ದೀನಾ?" ಅಳತೆಯಮ್ಮ ಗೋಡೆಯಿಂದ ತಲೆ ತೆಗೆಯದೆ ಕೇಳಿದಳು. "ಅಮ್ಮನ ಹಾಗೆ ಆಗ್ತಿದ್ದೀನೇನೇ?"

ತಂಗಿ ಡಬ್ಬದಿಂದ ಅಕ್ಕನ ಕಾರ್ಡು ತೆಗೆದುಕೊಂಡಳು. ಪೆನ್ಸಿಲು ಚೂಪು ಮಾಡಿದಳು. ಅರವತ್ತೂವರೆ ಎಂದು ಮುತ್ತಿನಂತೆ ಬರೆದಳು. ಕಾಜಕ್ಕ ಮಿಷನ್ನಿನಿಂದ ತಲೆಯೆತ್ತಿ ನೋಡಿ, ಮತ್ತೆ ತಗ್ಗಿಸಿದಳು.

"ಒಂದು ಎಳೆನೂ ಇಳಿದಿಲ್ಲ ಅಕ್ಕಾ. ಕಂಬದ ಹಾಗಿದ್ದೀಯ."

ಆ ದನಿಯನ್ನು ಅಳತೆಯಮ್ಮ ಎಲ್ಲೋ ಕೇಳಿದ್ದಳು. ಎಲ್ಲೋ ಏನು, ಇದೇ ಅಂಗಡಿಯಲ್ಲಿ, ತನ್ನದೇ ಬಾಯಿಂದ. ಕಾರ್ಡು ಮೇಜಿನ ಮೇಲೆ ಎರಡು ಹೆಜ್ಜೆ ದೂರದಲ್ಲಿತ್ತು. ಹೋಗಿ ನೋಡಬಹುದಿತ್ತು. ನೋಡಲಿಲ್ಲ. ನಿಧಾನವಾಗಿ ನಡೆದು ಬಂದು ಬೆತ್ತದ ಕುರ್ಚಿಯಲ್ಲಿ ಕೂತು ಮುಖವನ್ನು ಗಾಜಿನ ಕಡೆ ತಿರುಗಿಸಿದಳು.

ತಂಗಿ ಬಾಟಲಿಗಳನ್ನು ಎತ್ತಿಕೊಂಡು, ಹೋಗುವ ಮುಂಚೆ ಕುರ್ಚಿಯ ಪಕ್ಕ ನಿಂತು, ಅಕ್ಕನ ತಲೆಯ ಮೇಲೆ ಮೊಣಕೈಯನ್ನು ಹಗುರಾಗಿ ಊರಿದಳು.

"ಒಳ್ಳೇ ಬಿಸಿಲು ಬೀಳ್ತಿದೆ" ಎಂದಳು. "ಏಳಬೇಡ, ಇಲ್ಲೇ ಕೂತಿರು."